ಜಾವಾದ ಜೀರ್ಣೋದ್ಧಾರ: ಹಲವು ವರ್ಷಗಳ ಭಾಗಗಳು, ಒಂದು ಮೋಟಾರ್ ಸೈಕಲ್

ಉತ್ತರ ದೆಹಲಿಯ ಮುಖರ್ಜಿ ನಗರವೆಂದರೆ ಇಂದು ಕನ್ನಡ ನಾಡಿನ ಅನೇಕ ಯುವಕ ಯುವತಿಯರಿಗೆ ನಾಗರಿಕ ಸೇವಾ ಪರೀಕ್ಷೆಯ ತರಬೇತಿಯ ಬಡಾವಣೆ. ಬೀದರಿನಿಂದ ಚಾಮರಾಜನಗರದವರೆಗಿನ ಮಕ್ಕಳು ಪುಸ್ತಕದ ಚೀಲ ಹೊತ್ತು ಇಲ್ಲಿನ ಗಲ್ಲಿಗಳಲ್ಲಿ ನಡೆದು ಹೋಗುತ್ತಾರೆ. ಅವರಲ್ಲಿ ಕೆಲವರು ನಮ್ಮ ಮನೆಯ ಗೇಟಿನ ಬಳಿ ನಿಲ್ಲುತ್ತಾರೆ. ಒಳಗೆ ಆವರಣದಲ್ಲಿ ನಿಂತಿರುವ ಮೋಟಾರ್ ಸೈಕಲ್ಲನ್ನು ನೋಡಿ, "ಇದು ನಮ್ಮ ಮೈಸೂರಿನ ಜಾವಾ ಅಲ್ಲವೆ?" ಎಂದು ಕೇಳುತ್ತಾರೆ. ಹೌದೆಂದಾಗ ಬರುವ ಎರಡನೆಯ ಪ್ರಶ್ನೆ, "ಯಾವ ವರ್ಷದ್ದು?"

ಈ ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಮ್ಮ ತೀರ್ಥರೂಪರು ಅದನ್ನು ಮೈಸೂರಿನಲ್ಲಿ ಕೊಂಡದ್ದು 1968ರಲ್ಲಿ. ಅದರ ಚೌಕಟ್ಟು, ಪೆಟ್ರೋಲ್ ಟ್ಯಾಂಕು ಮತ್ತು ಎಂಜಿನ್ನಿನ ಹೊರಕವಚ ಆ ವರ್ಷದವು. ಗೇರುಗಳು 1979ರ ಒಂದು ಯೆಜ್ಡಿಯಿಂದ ಬಂದವು. ಸೈಲೆನ್ಸರ್‌ಗಳು, ತಂತಿಗಳು, ರಬ್ಬರು ಭಾಗಗಳು ಈ ಶತಮಾನದವು. ಹೀಗೆ ಬೇರೆ ಬೇರೆ ವರ್ಷಗಳ ಭಾಗಗಳನ್ನು ಕೂಡಿಸಿ ಒಂದು ಹಳೆಯ ವಾಹನವನ್ನು ಮತ್ತೆ ಕಟ್ಟುವುದು ಸರಿಯೆ? ಸರಿಯಾದರೆ ಯಾವುದನ್ನು ಬೆರೆಸಬಹುದು, ಯಾವುದನ್ನು ಬೆರೆಸಬಾರದು? ಊರಿನ ಮನೆಯ ಕೊಟ್ಟಿಗೆಯಲ್ಲಿ ಹಿರಿಯರ ವಾಹನವನ್ನು ಇಟ್ಟುಕೊಂಡಿರುವ ಕನ್ನಡ ಕುಟುಂಬಗಳು ದೆಹಲಿಯಲ್ಲಿ ಇನ್ನೂ ಇರಬಹುದು. ಅವರಿಗೆ ಉಪಯೋಗವಾಗಲೆಂದು ನಾವು ಕಲಿತದ್ದನ್ನೂ ತಪ್ಪಿದ್ದನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಮೈಸೂರಿಗೆ ಜಾವಾ ಬಂದ ಬಗೆ

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯದ ದ್ವೀಪಕ್ಕೂ ಸಂಬಂಧವಿಲ್ಲ. ಚೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಅವರು 1929ರಲ್ಲಿ ಪ್ರಾಗ್ ನಗರದಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ತಮ್ಮ ವಾಹನಕ್ಕೆ ಹೆಸರಿಟ್ಟರು. ಹೆಸರೇ ಎರಡು ಮೂಲಗಳ ಜೋಡಣೆಯಾಗಿರುವುದು ನಮ್ಮ ವಿಷಯಕ್ಕೆ ಒಪ್ಪುವ ಸಂಗತಿ.

ಭಾರತದಲ್ಲಿ ಈ ವಾಹನವನ್ನು ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಐಡಿಯಲ್ ಜಾವಾ ಸಂಸ್ಥೆಯನ್ನು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದರು. 1961ರಿಂದ ಅಲ್ಲಿ ಜಾವಾ 250 ತಯಾರಾಗತೊಡಗಿತು. ಸುಮಾರು 1973ರಲ್ಲಿ ಜಾವಾ ಹೆಸರಿನ ಸ್ಥಾನದಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. ಇರಾನಿನ ಯಜ್ದ್ ನಗರವೇ ಆ ಹೆಸರಿನ ಮೂಲ. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿಯೂ 2022ರಲ್ಲಿ ಯೆಜ್ಡಿ ಹೆಸರಿನಲ್ಲಿಯೂ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಹೊಸ ವಾಹನಗಳನ್ನು ಮಾರುಕಟ್ಟೆಗೆ ತಂದಿತು. ಆದರೆ ಅವು ನಾಲ್ಕು ಹೊಡೆತದ ಎಂಜಿನ್ನಿನವು. ಯಾದವಗಿರಿಯ ಹಳೆಯ ವಾಹನಗಳಿಗೆ ಅವುಗಳ ಎಂಜಿನ್ ಭಾಗಗಳು ಹೊಂದುವುದಿಲ್ಲ.

ಈ ಇತಿಹಾಸದಲ್ಲಿ ದುರಸ್ತಿ ಮಾಡುವವನಿಗೆ ಮುಖ್ಯವಾದ ಒಂದು ಅಂಶವಿದೆ. ಮೈಸೂರಿನ ಕಾರ್ಖಾನೆ ಜಾವಾದ ಬಾಗಿಲು ಮುಚ್ಚಿ ಯೆಜ್ಡಿಯ ಬಾಗಿಲು ತೆರೆಯಲಿಲ್ಲ. ಒಂದೇ ಮೂಲ ವಿನ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಹೋಯಿತು. ಆದ್ದರಿಂದ 1960ರ ದಶಕದ ಜಾವಾಕ್ಕೂ 1970ರ ದಶಕದ ಯೆಜ್ಡಿ 250ಕ್ಕೂ ಎಂಜಿನ್ನಿನೊಳಗಿನ ಅನೇಕ ಭಾಗಗಳಲ್ಲಿ ಹತ್ತಿರದ ರಕ್ತಸಂಬಂಧವಿದೆ. ರೋಡ್‌ಕಿಂಗ್ ಮಾತ್ರ ಸ್ವಲ್ಪ ದೂರದ ಬಂಧು. ಬೇರೆ ವರ್ಷಗಳ ಭಾಗಗಳನ್ನು ಕೂಡಿಸುವ ಮಾತು ಈ ವಾಹನದಲ್ಲಿ ಸಾಧ್ಯವಾಗುವುದು ಈ ಕಾರಣದಿಂದ.

ಯಂತ್ರದ ಸ್ವರೂಪ

ಮುಂದಿನ ಮಾತು ತಿಳಿಯಲು ಯಂತ್ರದ ಸ್ಥೂಲ ಪರಿಚಯ ಅಗತ್ಯ. ಜಾವಾ 250ರದು ಒಂದೇ ಸಿಲಿಂಡರಿನ, ಎರಡು ಹೊಡೆತದ ಎಂಜಿನ್. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಚಲನೆ 75 ಮಿಲಿಮೀಟರ್. ಇವುಗಳಿಂದ ದೊರೆಯುವ ಗಾತ್ರ ಸುಮಾರು 249 ಘನ ಸೆಂಟಿಮೀಟರ್. ಸಿಲಿಂಡರ್ ಒಂದೇ ಆದರೂ ಹೊಗೆ ಹೋಗುವ ದ್ವಾರಗಳು ಎರಡು. ಆದ್ದರಿಂದಲೇ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಒದ್ದು ಚಾಲೂ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಹೊಸಬರು ಎಷ್ಟು ಹುಡುಕಿದರೂ ಕಿಕ್ಕರ್ ಕಾಣುವುದಿಲ್ಲ. ಗೇರಿನ ಸನ್ನೆಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಗೇರಿನ ಸನ್ನೆಯನ್ನು ಕಾಲಿನಿಂದ ಅದುಮಿದಾಗ ಕ್ಲಚ್ಚು ತಾನೇ ಬಿಡುಗಡೆಯಾಗುವ ಏರ್ಪಾಡೂ ಇದೆ.

ಎರಡು ಹೊಡೆತದ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯಲ್ಲಿರುವ ಕಿಟಕಿಗಳನ್ನು ತಾನೇ ತೆರೆದು ಮುಚ್ಚುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಒಳಗಾಗಿ ಮೇಲಕ್ಕೆ ಹೋಗುತ್ತದೆ. ಹೀಗಾಗಿ ಕ್ರ್ಯಾಂಕ್ ಕೋಣೆಯಿಂದ ಗಾಳಿ ಸೋರಬಾರದು. ಒಳಗಿನ ಬೇರಿಂಗುಗಳಿಗೆ ಎಣ್ಣೆ ದೊರೆಯುವುದೂ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯಿಂದಲೇ. ಅಂದಿನ ಸೂಚನೆಯಂತೆ 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಎಂದರೆ ಲೀಟರಿಗೆ 40 ಮಿಲಿಲೀಟರ್. ಈ ಎರಡು ಸಂಗತಿಗಳನ್ನು ಮರೆತವರಿಗೆ ಜಾವಾ ಒಲಿಯುವುದಿಲ್ಲ. ನಾವೂ ಒಮ್ಮೆ ಮರೆತೆವು. ಆ ಮಾತು ಮುಂದೆ ಬರುತ್ತದೆ.

ಮೈಸೂರಿನಿಂದ ಮುಖರ್ಜಿ ನಗರಕ್ಕೆ

1989ರ ನಂತರ ನಮ್ಮ ಜಾವಾ ಮೈಸೂರಿನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿಯೇ ಇತ್ತು. ತಂದೆಯವರು ಪ್ರತಿ ಆಯುಧಪೂಜೆಗೆ ಅದನ್ನು ಒರೆಸಿ ಕುಂಕುಮವಿಡುತ್ತಿದ್ದರು. ಅವರ ಕಾಲಾನಂತರ 2019ರಲ್ಲಿ ಮನೆಯನ್ನು ತೆರವು ಮಾಡಬೇಕಾಗಿ ಬಂದಿತು. ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದರು. ನಮ್ಮ ತಾಯಿಯವರು ಒಂದೇ ಮಾತು ಆಡಿದರು: "ಅದನ್ನು ತೂಗಬೇಡಿ." ಟ್ಯಾಂಕು ಬರಿದು ಮಾಡಿ, ಗೋಣಿಯಲ್ಲಿ ಸುತ್ತಿ, ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ಸಿನ ಪಾರ್ಸೆಲ್ ಬೋಗಿಯಲ್ಲಿ ಹಜರತ್ ನಿಜಾಮುದ್ದೀನ್‌ಗೆ ತಂದೆವು. ಅಲ್ಲಿಂದ ಟೆಂಪೋದಲ್ಲಿ ಮುಖರ್ಜಿ ನಗರಕ್ಕೆ ಬಂದಿತು.

2020ರ ಲಾಕ್‌ಡೌನ್ ತಿಂಗಳುಗಳಲ್ಲಿ ನಾವು ಅದನ್ನು ಪೂರ್ತಿ ಬಿಚ್ಚಿದೆವು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಎರಡು ಗೇರುಗಳ ಹಲ್ಲುಗಳು ಮುರಿದಿದ್ದವು. ಹಿಂದಿನ ಚಕ್ರದ ಹಬ್ಬು ಸೀಳಿತ್ತು. ಎಲ್ಲಕ್ಕಿಂತ ಚಿಂತೆಗೆ ಕಾರಣವಾದದ್ದು ಎಂಜಿನ್ನಿನ ಹೊರಕವಚದಲ್ಲಿ ಕಂಡ ಒಂದು ಬಿರುಕು.

ಭಾಗಗಳು ಎಲ್ಲಿ ದೊರೆಯುತ್ತವೆ

ದೆಹಲಿಯಲ್ಲಿ ಇಂತಹ ಹುಡುಕಾಟಕ್ಕೆ ಕರೋಲ್ ಬಾಗ್ ಮೊದಲ ಸ್ಥಳ. ಅಲ್ಲಿನ ನಾಯಿವಾಲಾ ಸುತ್ತಿನ ಗಲ್ಲಿಗಳು ಮೋಟಾರ್ ಸೈಕಲ್ ಭಾಗಗಳಿಗೆ ಹೆಸರಾದವು. ಬೇರಿಂಗು, ಬೋಲ್ಟು ಮುಂತಾದ ಸಾಮಾನ್ಯ ಸಾಮಗ್ರಿಗೆ ಕಾಶ್ಮೀರಿ ಗೇಟ್ ಮಾರುಕಟ್ಟೆ ಇದೆ. ಆದರೆ ದೆಹಲಿಯ ಗಲ್ಲಿಗಳಲ್ಲಿ ಬುಲೆಟ್ಟಿನ ಭಾಗ ಸಿಕ್ಕಷ್ಟು ಸುಲಭವಾಗಿ ಜಾವಾದ ಭಾಗ ಸಿಕ್ಕುವುದಿಲ್ಲ. ನಮಗೆ ಬೇಕಾದವುಗಳಲ್ಲಿ ಹೆಚ್ಚಿನವು ಕೊನೆಗೆ ಮೈಸೂರು ಮತ್ತು ಬೆಂಗಳೂರುಗಳಿಂದಲೇ ಬಂದವು.

ಕೊಳ್ಳುವವರು ಮೂರು ಬಗೆಯ ಸರಕನ್ನು ಗುರುತಿಸಬೇಕು. ಮೊದಲನೆಯದು ಕಾರ್ಖಾನೆಯ ಕಾಲದಲ್ಲಿಯೇ ತಯಾರಾಗಿ ಬಳಕೆಯಾಗದೆ ಉಳಿದದ್ದು. ಇದು ದುಬಾರಿ. ಲೋಹದ ಭಾಗವಾದರೆ ಉತ್ತಮ, ರಬ್ಬರಿನದಾದರೆ ನಿರರ್ಥಕ. ಡಬ್ಬಿ ತೆರೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಎರಡನೆಯದು ಬೇರೊಂದು ವಾಹನದಿಂದ ಬಿಚ್ಚಿದ್ದು. ಇದನ್ನು ಅಳೆಯದೆ ಕೊಳ್ಳಬಾರದು. ಮೂರನೆಯದು ಈಚೆಗೆ ಮಾದರಿ ನೋಡಿ ತಯಾರಿಸಿದ್ದು. ಸೈಲೆನ್ಸರ್, ಸೀಟು, ಕೇಬಲ್ಲುಗಳಿಗೆ ಇದು ಸಾಕು. ಪಿಸ್ಟನ್, ಗೇರುಗಳ ವಿಷಯದಲ್ಲಿ ಬಲು ಎಚ್ಚರ ಬೇಕು.

"ಎಲ್ಲ ಮಾಡೆಲಿಗೂ ಆಗುತ್ತದೆ" ಎಂಬ ಅಂಗಡಿಯವರ ಮಾತನ್ನು ನಂಬಬಾರದೆಂಬುದು ನಮ್ಮ ಅನುಭವ. ಬೋಲ್ಟಿನ ತೂತು ಕೂಡಿದ ಮಾತ್ರಕ್ಕೆ ಭಾಗ ಹೊಂದಿತೆಂದು ಅರ್ಥವಲ್ಲ. ವರ್ನಿಯರ್ ಕ್ಯಾಲಿಪರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು, ಹಳೆಯ ಭಾಗವನ್ನು ಜೊತೆಗೆ ಕೊಂಡೊಯ್ದು, ಅಂಗಡಿಯಲ್ಲಿಯೇ ಅಳತೆ ನೋಡುವುದು ಒಳಿತು.

ಬೆರೆಸುವುದಕ್ಕೆ ನಾಲ್ಕು ನಿಯಮಗಳು

ಬಿಚ್ಚಿ ಕಟ್ಟುವ ಕಾಲದಲ್ಲಿ ನಮಗೆ ಸ್ಪಷ್ಟವಾದ ವಿಚಾರಗಳನ್ನು ನಾಲ್ಕು ವರ್ಗಗಳಲ್ಲಿ ಹೇಳಬಹುದು.

ಮೊದಲನೆಯದು, ಎಂದಿಗೂ ಬೆರೆಸಬಾರದ ಭಾಗಗಳು. ಚೌಕಟ್ಟು ಮತ್ತು ಕ್ರ್ಯಾಂಕ್‌ಕೇಸ್ ಎಂಬ ಎಂಜಿನ್ನಿನ ಹೊರಕವಚ ಈ ವರ್ಗಕ್ಕೆ ಸೇರಿದವು. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಇವುಗಳ ಮೇಲಿರುತ್ತವೆ. ನೋಂದಣಿ ಪತ್ರದಲ್ಲಿರುವುದೂ ಇವೇ ಸಂಖ್ಯೆಗಳು. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕೊರೆದಿರುತ್ತಾರೆ. ಒಂದರ ಎಡ ಹೋಳಿಗೆ ಇನ್ನೊಂದರ ಬಲ ಹೋಳನ್ನು ಕೂಡಿಸಿದರೆ ಬೇರಿಂಗುಗಳ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದರೂ ಕ್ರ್ಯಾಂಕಿನ ಆಯುಷ್ಯ ಮುಗಿದಂತೆಯೇ. ಹೋಳುಗಳನ್ನು ಬೇರೆ ಬೇರೆಯಾಗಿ ಮಾರುವವರು ಇದ್ದಾರೆ. ಕೊಳ್ಳಬಾರದು.

ಎರಡನೆಯದು, ಗುಂಪಾಗಿ ಮಾತ್ರ ಬದಲಿಸಬೇಕಾದ ಭಾಗಗಳು. ಗೇರುಗಳು ಜೋಡಿಯಾಗಿ ಸವೆದಿರುತ್ತವೆ. ಮುರಿದ ಒಂದು ಗೇರಿನ ಸ್ಥಾನದಲ್ಲಿ ಬೇರೊಂದು ವಾಹನದ ಒಂದು ಗೇರನ್ನು ಕೂರಿಸಿದರೆ ಅದು ಮೊದಲ ದಿನದಿಂದಲೇ ಕೂಗುತ್ತದೆ. ಹಲ್ಲುಗಳ ಸಂಖ್ಯೆ ಬೇರೆಯಾಗಿದ್ದರೆ ಹೊಂದುವುದೇ ಇಲ್ಲ. ಆದ್ದರಿಂದ ನಾವು 1979ರ ಯೆಜ್ಡಿಯೊಂದರ ಗೇರುಗಳನ್ನೂ ದಂಡಗಳನ್ನೂ ಒಟ್ಟಾಗಿ ಕೊಂಡು, ಹಲ್ಲುಗಳನ್ನು ಎಣಿಸಿ, ದಂಡಗಳ ಉದ್ದ ಅಳೆದು ಕೂರಿಸಿದೆವು. ಸರಪಳಿ ಮತ್ತು ಅದರ ಎರಡೂ ಹಲ್ಲುಚಕ್ರಗಳು, ಕ್ಲಚ್ಚಿನ ತಟ್ಟೆಗಳು, ಬ್ರೇಕಿನ ಡ್ರಮ್ಮು ಮತ್ತು ಬೂಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪಿಸ್ಟನ್ ಮತ್ತು ಸಿಲಿಂಡರ್ ಕೂಡ ಒಂದು ಜೋಡಿ. ಸವೆದ ಸಿಲಿಂಡರನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ವಾಡಿಕೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಅಳೆದ ಮೇಲೆ ಸಿಲಿಂಡರನ್ನು ಕೊರೆಸಬೇಕು. ಕ್ರಮ ತಲೆಕೆಳಗಾಗಬಾರದು. ಬೇರೆ ವರ್ಷದ ಪಿಸ್ಟನ್ನಾದರೆ ವ್ಯಾಸದ ಜೊತೆಗೆ ಇನ್ನೂ ಮೂರನ್ನು ನೋಡಬೇಕು: ನಡುವಿನ ಪಿನ್ನಿನ ದಪ್ಪ, ಪಿನ್ನಿನಿಂದ ಪಿಸ್ಟನ್ನಿನ ತಲೆಯವರೆಗಿನ ಎತ್ತರ, ರಿಂಗುಗಳ ತುದಿಯನ್ನು ಹಿಡಿಯುವ ಮೊಳೆಗಳ ಸ್ಥಾನ. ರಿಂಗಿನ ತುದಿ ಸಿಲಿಂಡರಿನ ಕಿಟಕಿಯ ಎದುರಿಗೆ ಬಂದರೆ ಅದು ಕಿಟಕಿಗೆ ಸಿಕ್ಕಿ ಮುರಿಯುತ್ತದೆ. ಕೊರೆದ ನಂತರ ಕಿಟಕಿಗಳ ಅಂಚುಗಳನ್ನು ಲಘುವಾಗಿ ಉಜ್ಜಿ ನಯಗೊಳಿಸಬೇಕಾದುದೂ ಇದೇ ಕಾರಣಕ್ಕೆ.

ವಿದ್ಯುತ್ ವ್ಯವಸ್ಥೆಯನ್ನು ಒಂದೇ ಭಾಗವೆಂದು ಎಣಿಸಬೇಕು. ಹಳೆಯ ಜಾವಾದ್ದು 6 ವೋಲ್ಟಿನ ವ್ಯವಸ್ಥೆ, 45 ವಾಟ್ ಡೈನಮೋ. ಒಂದೇ ಬೆಳಕಿಗೆ 12 ವೋಲ್ಟಿಗಿಂತ 6 ವೋಲ್ಟಿನಲ್ಲಿ ಎರಡರಷ್ಟು ಪ್ರವಾಹ ಹರಿಯಬೇಕಾದುದರಿಂದ ತಂತಿ ದಪ್ಪವಾಗಿರಬೇಕು, ಸಂಪರ್ಕಗಳು ಸ್ವಚ್ಛವಾಗಿರಬೇಕು. ಹಳೆಯ ವಾಹನಗಳ ದೀಪ ಮಂಕೆಂದು ದೂರುವವರಲ್ಲಿ ಹಲವರ ತೊಂದರೆ ತುಕ್ಕು ಹಿಡಿದ ಸಂಪರ್ಕದಲ್ಲಿರುತ್ತದೆ. ಬೇಕೆನಿಸಿದರೆ ಎಲ್ಲವನ್ನೂ 12 ವೋಲ್ಟಿಗೆ ಬದಲಿಸಬಹುದು. ಆದರೆ ಬ್ಯಾಟರಿ 12, ಕಾಯಿಲ್ 6, ಹಾರ್ನ್ ಇನ್ನೊಂದು ಎಂಬ ಕಲಸುಮೇಲೋಗರ ಸಲ್ಲದು.

ಮೂರನೆಯದು, ಅಳತೆ ನೋಡಿ ಧಾರಾಳವಾಗಿ ಬೆರೆಸಬಹುದಾದ ಭಾಗಗಳು. ಹ್ಯಾಂಡಲಿನ ಹಿಡಿಗಳು, ಕೇಬಲ್ಲುಗಳು, ಸೀಟು, ಸೈಲೆನ್ಸರ್, ಕಡ್ಡಿಗಳು, ಕನ್ನಡಿಗಳು ಈ ವರ್ಗದವು. ಚಕ್ರದಲ್ಲಿ ಮಾತ್ರ ಗಮನವಿರಲಿ. ಜಾವಾದ ಚಕ್ರ 16 ಅಂಗುಲದ್ದು, ರೋಡ್‌ಕಿಂಗಿನದು 18 ಅಂಗುಲದ್ದು. ದೊಡ್ಡ ಚಕ್ರ ಹೇಗೋ ಕುಳಿತರೂ ವಾಹನದ ಎತ್ತರ, ಮಡ್‌ಗಾರ್ಡಿನ ಅಂತರ, ವೇಗಮಾಪಕದ ಲೆಕ್ಕ ಎಲ್ಲವೂ ಕೆಡುತ್ತವೆ.

ನಾಲ್ಕನೆಯದು, ಹಳೆಯದನ್ನು ಉಳಿಸಲೇಬಾರದ ಭಾಗಗಳು. ಟೈರು, ಟ್ಯೂಬು, ಬ್ರೇಕಿನ ಬೂಟು, ಎಣ್ಣೆಯ ಸೀಲುಗಳು, ಪೆಟ್ರೋಲ್ ನಳಿಕೆ, ತಂತಿಗಳು ಹೊಸವೇ ಆಗಬೇಕು. ಮೂಲದ್ದನ್ನೇ ಉಳಿಸಬೇಕೆಂಬ ಅಭಿಮಾನ ಇಲ್ಲಿ ಪ್ರಾಣಕ್ಕೆ ಎರವಾದೀತು. ಹಳೆಯ ಬ್ರೇಕ್ ಬೂಟುಗಳಲ್ಲಿ ಕಲ್ನಾರು ಇರಬಹುದಾದುದರಿಂದ ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಇಂದು ದೊರೆಯುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಕೆಡಿಸುತ್ತದೆ. ಎಥನಾಲ್ ನೀರನ್ನು ಹೀರುವುದರಿಂದ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು ಕ್ಷೇಮ.

ನಾವು ಮಾಡಿದ ತಪ್ಪು

ಕೊನೆಯ ನಿಯಮವನ್ನು ನಾವು ಕಲಿತದ್ದು ತಪ್ಪಿನಿಂದ. ಎಂಜಿನ್ ಜೋಡಿಸುವಾಗ ಕ್ರ್ಯಾಂಕಿನ ಎರಡು ಸೀಲುಗಳಲ್ಲಿ ಒಂದು ಹೊಸದಾಗಿ ದೊರೆಯಿತು. ಇನ್ನೊಂದು ದೊರೆಯಲಿಲ್ಲ. ಡಬ್ಬಿಯಲ್ಲಿ ಭದ್ರವಾಗಿದ್ದ ಹಳೆಯ ದಾಸ್ತಾನಿನ ಸೀಲೊಂದನ್ನು ಒಬ್ಬರು ಕೊಟ್ಟರು. ನೋಡಲು ಚೆನ್ನಾಗಿಯೇ ಇತ್ತು. ಕಾಯುವ ತಾಳ್ಮೆ ನಮಗೂ ಇರಲಿಲ್ಲ. ಅದನ್ನೇ ಕೂರಿಸಿದೆವು.

2022ರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಮೂವತ್ತಮೂರು ವರ್ಷಗಳ ನಂತರ, ಎಂಜಿನ್ ಮಾತನಾಡಿತು. ನಮ್ಮ ತಾಯಿಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಐದು ನಿಮಿಷ ಕಳೆಯುವಷ್ಟರಲ್ಲಿ ಬಿಳಿಯ ಹೊಗೆ ಆವರಣವನ್ನೆಲ್ಲ ತುಂಬಿತು. ಮೊದಲ ಬಾರಿಗೆ ಹೊಗೆ ಸಹಜವೆಂದು ನಾವು ಸಮಾಧಾನ ಹೇಳಿಕೊಂಡೆವು. ಹೊಗೆ ನಿಲ್ಲಲಿಲ್ಲ. ಮಹಡಿಯ ಮೇಲಿನ ನೆರೆಯವರು ಕೆಳಗಿಳಿದು ಬಂದರು. ಅವರ ಮನೆಯಲ್ಲಿ ಉಬ್ಬಸವಿರುವ ಮಗುವಿದೆ. ದೆಹಲಿಯ ನವೆಂಬರ್ ಗಾಳಿ ಹೇಗಿರುತ್ತದೆಂದು ಇಲ್ಲಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಅವರು ಜಗಳವಾಡಲಿಲ್ಲ. "ಇದನ್ನು ಬೇರೆ ತಿಂಗಳಲ್ಲಿ ಮಾಡಬಹುದಿತ್ತಲ್ಲವೆ?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮತ್ತೆ ಬಿಚ್ಚಿದಾಗ ಕಾರಣ ತಿಳಿಯಿತು. ಹಳೆಯ ಸೀಲಿನ ತುಟಿ ಗಟ್ಟಿಯಾಗಿ ಸೀಳಿಹೋಗಿತ್ತು. ಕ್ರ್ಯಾಂಕ್ ಕೋಣೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಹೀರಿ ಸುಡುತ್ತಿತ್ತು. ಇನ್ನೊಂದು ಬದಿಯ ಸೀಲು ಹೀಗಾಗಿದ್ದರೆ ಎಣ್ಣೆಯ ಬದಲು ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಮತ್ತೆ ಕಚ್ಚಿಕೊಳ್ಳುತ್ತಿತ್ತು. ಹೊಸ ಸೀಲು ಹಾಕಿದ ಮೇಲೆ ಹೊಗೆ ಬಹುಮಟ್ಟಿಗೆ ಕಡಿಮೆಯಾಯಿತು. ಆದರೂ ಎರಡು ಹೊಡೆತದ ಎಂಜಿನ್ ಎಣ್ಣೆಯನ್ನು ಸುಡುವುದೇ ಸರಿ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ನಾವು ಅದನ್ನು ಚಾಲೂ ಮಾಡುವುದಿಲ್ಲ. ಆಯುಧಪೂಜೆಯ ದಿನ ಕುಂಕುಮ ಮಾತ್ರ.

ಕಾನೂನು ಏನೆನ್ನುತ್ತದೆ

ಇಲ್ಲಿ ಬಿರುಕಿನ ಮಾತಿಗೆ ಹಿಂದಿರುಗಬೇಕು. ಬಿರುಕು ಬಿಟ್ಟ ಕವಚವನ್ನು ಬಿಸುಟು, ಯೆಜ್ಡಿಯೊಂದರ ಪೂರ್ತಿ ಎಂಜಿನ್ನನ್ನೇ ಕೂರಿಸುವುದು ಸುಲಭದ ದಾರಿಯಾಗಿತ್ತು. ಮೆಕ್ಯಾನಿಕ್ಕರೆಲ್ಲರೂ ಅದನ್ನೇ ಹೇಳಿದರು. ನಾವೂ ಒಪ್ಪಿದ್ದೆವು. ಅಷ್ಟರಲ್ಲಿ 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳ ನೋಂದಣಿಗೆ ಹೊಸ ನಿಯಮಗಳನ್ನು ಪ್ರಕಟಿಸಿತು.

ಆ ನಿಯಮಗಳಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ವಿಂಟೇಜ್ ಎನಿಸುತ್ತವೆ. ಅವು ಮೂಲ ಸ್ವರೂಪದಲ್ಲಿರಬೇಕು. ಚಾಸಿಸ್, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದು 10 ವರ್ಷ ಸಲ್ಲುತ್ತದೆ. ನವೀಕರಣಕ್ಕೆ 5,000 ರೂಪಾಯಿ. ಹೀಗೆ ನೋಂದಾಯಿತವಾದ ವಾಹನವನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ದೆಹಲಿಯಲ್ಲಿ ಇದರ ಮಹತ್ವ ಹೆಚ್ಚು. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ಇಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಜಾರಿಗೊಳಿಸುವಂತೆ ಹೇಳಿತು. 2025ರಲ್ಲಿಯೂ ಈ ವಿಷಯದಲ್ಲಿ ಆದೇಶಗಳು ಬಂದಿವೆ. ಆದ್ದರಿಂದ ವಾಹನವನ್ನು ರಸ್ತೆಗೆ ತರುವ ಮೊದಲು ಅಂದಿನ ಸ್ಥಿತಿಯನ್ನು ಸಾರಿಗೆ ಇಲಾಖೆಯಲ್ಲಿ ವಿಚಾರಿಸಲೇಬೇಕು. ಎಂಜಿನ್ನನ್ನೇ ಬದಲಿಸಿದವರು ಅದನ್ನು ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರದಲ್ಲಿ ಬರೆಸಬೇಕು. ಹಳೆಯ ಸಂಖ್ಯೆಯನ್ನು ಬೇರೆ ಕವಚದ ಮೇಲೆ ಒತ್ತಿಕೊಡುವವರು ಮಾರುಕಟ್ಟೆಯಲ್ಲಿ ಸಿಕ್ಕುತ್ತಾರೆ. ಅದು ಅಪರಾಧ. ನಮಗೂ ಆ ಸಲಹೆ ಬಂದಿತ್ತು.

ಹೀಗಾಗಿ ನಾವು ಮನಸ್ಸು ಬದಲಿಸಿದೆವು. ಅಲ್ಯುಮಿನಿಯಂ ಬೆಸುಗೆ ಬಲ್ಲ ಕುಶಲಿಗರಿಂದ ಬಿರುಕನ್ನು ಬೆಸೆಸಿ, ಮೂಲ ಕವಚವನ್ನೇ ಉಳಿಸಿಕೊಂಡೆವು. ಖರ್ಚೂ ಹೆಚ್ಚಾಯಿತು, ಎಂಟು ತಿಂಗಳ ಕಾಲವೂ ಹೋಯಿತು. ಒಳಗಿನ ಗೇರುಗಳನ್ನು ಬದಲಿಸಿದ್ದು ಗಣನೀಯ ಮಾರ್ಪಾಡೋ ಅಥವಾ ಸಹಜ ದುರಸ್ತಿಯೋ ಎಂಬುದನ್ನು ನಿರ್ಣಯಿಸಬೇಕಾದವರು ಅಧಿಕಾರಿಗಳು. ನಮ್ಮ ಕಾಗದಪತ್ರಗಳ ಕೆಲಸ ಇನ್ನೂ ನಡೆದಿದೆ. ಅಲ್ಲಿಯವರೆಗೆ ವಾಹನ ಗೇಟಿನ ಹೊರಗೆ ಹೋಗಿಲ್ಲ, ಹೋಗುವುದೂ ಇಲ್ಲ.

ಒಂದು ನೋಟುಪುಸ್ತಕ

ನಮ್ಮ ನಾಡಿನಲ್ಲಿ ದೇವಾಲಯದ ಜೀರ್ಣೋದ್ಧಾರ ಹೊಸ ಮಾತಲ್ಲ. ಒಂದು ಕಾಲದ ಗರ್ಭಗುಡಿಗೆ ಇನ್ನೊಂದು ಕಾಲದ ಮಂಟಪ, ಮತ್ತೊಂದು ಕಾಲದ ಗೋಪುರ ಸೇರಿರುತ್ತವೆ. ಅದರಿಂದ ದೇವಾಲಯ ಸುಳ್ಳಾಗುವುದಿಲ್ಲ. ಏಕೆಂದರೆ ಎಷ್ಟೋ ಕಡೆ ಯಾರು, ಯಾವಾಗ, ಏನನ್ನು ಕಟ್ಟಿಸಿದರೆಂದು ಹೇಳುವ ಶಾಸನ ಪಕ್ಕದಲ್ಲಿಯೇ ನಿಂತಿರುತ್ತದೆ. ಹೊಸದನ್ನು ಹಳೆಯದೆಂದು ಅಲ್ಲಿ ಯಾರೂ ಹೇಳಿಲ್ಲ.

ಹಳೆಯ ವಾಹನಕ್ಕೂ ಇದೇ ನ್ಯಾಯ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಬೇರೆ ವರ್ಷದ ಭಾಗ ಹಾಕುವುದು ದೋಷವಲ್ಲ, ಹಾಕಿದ್ದನ್ನು ಮರೆಮಾಡುವುದು ದೋಷ. ನಾವು ಒಂದು ನೋಟುಪುಸ್ತಕವಿಟ್ಟಿದ್ದೇವೆ. ಪ್ರತಿಯೊಂದು ಭಾಗದ ಹೆಸರು, ಅದು ಯಾವ ವರ್ಷದ ಯಾವ ಮಾದರಿಯದು, ಎಲ್ಲಿ ಕೊಂಡದ್ದು, ಯಾವ ಅಳತೆಯದು, ಎಂದು ಕೂರಿಸಿದ್ದು ಎಂಬುದನ್ನು ಅದರಲ್ಲಿ ಬರೆದಿದ್ದೇವೆ. ತೆಗೆದ ಹಳೆಯ ಭಾಗಗಳನ್ನು ಎಣ್ಣೆ ಸವರಿ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಮುಂದೆ ವಾಹನ ಯಾರ ಕೈಗೆ ಹೋದರೂ ಪುಸ್ತಕ ಮತ್ತು ಪೆಟ್ಟಿಗೆ ಜೊತೆಗೆ ಹೋಗಬೇಕು. ಬಿಚ್ಚುವ ಮೊದಲೇ ಪ್ರತಿ ಮೂಲೆಯ ಛಾಯಾಚಿತ್ರ ತೆಗೆದುಕೊಂಡರೆ ಈ ಕೆಲಸ ಇನ್ನೂ ಸುಲಭ.

ಪುಸ್ತಕದ ಮೊದಲ ಪುಟವನ್ನು ಬರೆದವರು ನಾವಲ್ಲ. ಸೀಟಿನ ಕೆಳಗಿನ ಉಪಕರಣಗಳ ಚೀಲದಲ್ಲಿ ತಂದೆಯವರ ಕೈಬರಹದ ಮಡಿಸಿದ ಹಾಳೆಯೊಂದು ದೊರೆಯಿತು. 1974ರಲ್ಲಿ ಬದಲಿಸಿದ ಸರಪಳಿ, 1981ರಲ್ಲಿ ಯೆಜ್ಡಿಯದು ಹಾಕಿಸಿದ ಕಾರ್ಬ್ಯುರೇಟರ್ ಎಲ್ಲವನ್ನೂ ದಿನಾಂಕದೊಡನೆ ಅವರು ಬರೆದಿಟ್ಟಿದ್ದರು. ನಾವು ಮೂಲದ್ದೆಂದು ಜೋಪಾನ ಮಾಡಿದ್ದ ಆ ಕಾರ್ಬ್ಯುರೇಟರ್ ಮೂಲದ್ದಲ್ಲವೆಂದು ತಿಳಿದದ್ದು ಆಗಲೇ. ಬೆರೆಸುವ ಕೆಲಸವನ್ನು ಅವರೇ ಆರಂಭಿಸಿದ್ದರು. ಆ ಹಾಳೆಯನ್ನು ಪುಸ್ತಕದ ಮೊದಲಿಗೆ ಅಂಟಿಸಿದ್ದೇವೆ.

ಊರಿನ ಮನೆಯಲ್ಲಿ ಹಳೆಯ ಜಾವಾ, ಯೆಜ್ಡಿ ಅಥವಾ ಬೇರಾವುದೇ ವಾಹನವಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಗುಜರಿಗೆ ಕೊಡುವ ಮೊದಲು ಅದರ ನೋಂದಣಿ ಪತ್ರವನ್ನು ಹುಡುಕಿಡಿ, ಎರಡು ಸಂಖ್ಯೆಗಳನ್ನು ಬರೆದಿಡಿ, ಹಿರಿಯರು ಬದುಕಿರುವಾಗಲೇ ಅದಕ್ಕೆ ಏನೇನು ಮಾಡಿಸಿದ್ದರೆಂದು ಕೇಳಿಡಿ. ಭಾಗಗಳು ಇಂದಲ್ಲದಿದ್ದರೆ ನಾಳೆ ಎಲ್ಲಾದರೂ ಸಿಕ್ಕಾವು. ಆ ಮಾಹಿತಿ ಮತ್ತೆ ಸಿಕ್ಕುವುದಿಲ್ಲ.